ತ್ಯಾಗದ ಹೊರೆ ಯಾರ ಹೆಗಲಿಗೆ?

ಅಮೆರಿಕದ ಪರಿಸರವಾದವನ್ನು ವಿಮರ್ಶಿಸಿ ಇತಿಹಾಸಕಾರ ರಾಮಚಂದ್ರ ಗುಹಾ ಅವರು ೧೯೮೯ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪ್ರಬಂಧವು ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ನಾವು ಅವಶ್ಯವಾಗಿ ಓದತಕ್ಕ ಬರಹ. ಜನರಿಲ್ಲದ ಕಾಡೇ ಶುದ್ಧವಾದ ಕಾಡೆಂಬ ಭಾವನೆಯನ್ನು ಭಾರತಕ್ಕೆ ತಂದರೆ, ಅದರ ಬೆಲೆಯನ್ನು ತೆರುವವರು ಕಾಡಂಚಿನ ಬಡವರು, ಫಲವನ್ನು ಉಣ್ಣುವವರು ಉಳ್ಳವರು ಎಂಬುದು ಅವರ ವಾದದ ತಿರುಳು. ೧೯೭೩ರಲ್ಲಿ ಆರಂಭವಾದ ಹುಲಿ ಯೋಜನೆಯನ್ನೇ ಅವರು ನಿದರ್ಶನವಾಗಿ ಕೊಡುತ್ತಾರೆ.

ಈ ಮಾತಿನ ಸತ್ಯವನ್ನು ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿಯೇ ಕಾಣಬಹುದು. ೧೯೭೪ರಲ್ಲಿ ಅದು ಅಭಯಾರಣ್ಯವಾಯಿತು. ಸೋಲಿಗರ ಬೇಟೆಯೂ ಸ್ಥಳಾಂತರ ಬೇಸಾಯವೂ ನಿಂತವು. ಒಣಗಿದೆಲೆಗಳನ್ನು ಸುಡುವ ಅವರ ‘ತರಗು ಬೆಂಕಿ’ ನಿಷಿದ್ಧವಾಯಿತು. ಆ ಬೆಂಕಿ ನಿಂತದ್ದರಿಂದಲೇ ಲಂಟಾನ ಹಬ್ಬಿತೆಂಬುದು ಅವರ ಅನುಭವದ ಮಾತು. ೨೦೦೬ರಲ್ಲಿ ಜೇನು, ನೆಲ್ಲಿಕಾಯಿಗಳನ್ನು ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೂ ತಡೆ ಬಂದಿತು. ಅದೇ ಬೆಟ್ಟದ ಕಾಫಿ ತೋಟಗಳು ಮಾತ್ರ ಉಳಿದುಕೊಂಡವು. ಅರಣ್ಯ ಹಕ್ಕು ಕಾಯಿದೆಯಂತೆ ಸೋಲಿಗರ ಸಾಮುದಾಯಿಕ ಹಕ್ಕುಗಳಿಗೆ ಮನ್ನಣೆ ದೊರೆತದ್ದು ೨೦೧೧ರಲ್ಲಿ. ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾದದ್ದೂ ಅದೇ ವರ್ಷ.

ಜೇನು ನಮಗೆ ತ್ಯಾಜ್ಯ. ಆದ್ದರಿಂದ ಜೇನು ಕೀಳುವವನ ಉಪಜೀವನ ನಿಂತಿತೆಂದರೆ ಧರ್ಮವೇ ಗೆದ್ದಿತೆಂದು ನಮ್ಮಲ್ಲಿ ಕೆಲವರಿಗೆ ತೋರಬಹುದು. ಆದರೆ ವ್ರತವು ತಾನೇ ಅರಿತು ತಾನೇ ಕೈಗೊಳ್ಳತಕ್ಕದ್ದು. ಪರರ ಮೇಲೆ ಹೊರಿಸಿದ ತ್ಯಾಗವು ವ್ರತವಲ್ಲ, ದಂಡ. ನಮ್ಮ ಆಚಾರಶಾಸ್ತ್ರವು ಗೃಹಸ್ಥನಿಗೆ ತಪ್ಪದ ಆರಂಭೀ, ಉದ್ಯೋಗೀ ಹಿಂಸೆಗಳನ್ನು ಸಂಕಲ್ಪೀ ಹಿಂಸೆಯಿಂದ ಬೇರ್ಪಡಿಸಿದೆ. ನಮ್ಮ ಅಂಗಡಿಗೆ ದೊರೆತ ಈ ವಿನಾಯಿತಿಯನ್ನು ಸೋಲಿಗರ ಪೋಡಿಗೆ ನಿರಾಕರಿಸುವುದು ಯಾವ ನ್ಯಾಯ?

ಪ್ರಬಂಧದಲ್ಲಿ ಕೊರತೆಯೂ ಇದೆ. ಹುಲಿಯ ಹಿತವನ್ನೂ ಬಡವನ ಹಿತವನ್ನೂ ಎದುರುಬದುರು ನಿಲ್ಲಿಸುವಾಗ, ಮಾತಿಲ್ಲದ ಜೀವಿಗೂ ತನ್ನದೇ ಆದ ಬಾಳುವ ಹಕ್ಕುಂಟೆಂಬ ವಿಚಾರಕ್ಕೆ ಅಲ್ಲಿ ಸಾಕಷ್ಟು ಎಡೆ ದೊರೆತಿಲ್ಲ. ಸ್ಥಳೀಯ ಸಂಸ್ಕೃತಿಯನ್ನು ಗೌರವಿಸುವುದೆಂದರೆ ಉರುಳಿಗೂ ಬಲೆಗೂ ಒಪ್ಪಿಗೆ ಕೊಡುವುದಲ್ಲ. ಮೇಲಾಗಿ ಈ ಎರಡು ಹಿತಗಳು ಎಲ್ಲೆಡೆಯೂ ವಿರುದ್ಧವಾಗಿರಬೇಕೆಂಬ ನಿಯಮವಿಲ್ಲ. ದೊಡ್ಡಸಂಪಿಗೆ ಮರವನ್ನು ದೈವವೆಂದು ಪೂಜಿಸುವ ಸೋಲಿಗರನ್ನು ಕಾಡಿನ ವೈರಿಗಳೆಂದು ಬಗೆಯುವುದು ಏಕಾಂತದೃಷ್ಟಿ.

ಆದರೂ ಗುಹಾ ಅವರ ಮುಖ್ಯ ನಿರ್ಣಯ ಗಟ್ಟಿಯಾದುದು. ಪ್ರಕೃತಿನಾಶದ ಮೂಲವನ್ನು ಅವರು ಸಿರಿವಂತ ದೇಶಗಳ ಮತ್ತು ನಮ್ಮ ನಗರಗಳ ಅನುಕೂಲಸ್ಥರ ಅತಿಭೋಗದಲ್ಲಿಯೂ, ಬೆಳೆಯುತ್ತಿರುವ ಸೈನಿಕೀಕರಣದಲ್ಲಿಯೂ ಕಾಣುತ್ತಾರೆ. ಅವರು ಅತಿಭೋಗವೆಂದುದು ನಮ್ಮ ಶಾಸ್ತ್ರದಲ್ಲಿ ಪರಿಗ್ರಹ. ಕಾಡು ಉಳಿಯಬೇಕಾದರೆ ಯಾರಾದರೂ ಏನನ್ನಾದರೂ ಬಿಡಲೇಬೇಕು. ಹೆಚ್ಚು ಉಳ್ಳವರು ಮೊದಲು ಬಿಡತಕ್ಕದ್ದು.