ಕೆಂಪಾದ ನೀರು, ಕುಡಿಯುವ ನೀರು

ಆರತಿ ತಟ್ಟೆಯ ಅರಿಸಿನ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಹಳದಿ ಹೋಗಿ ಕೆಂಪು ಬರುತ್ತದೆ. ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯಲ್ಲಿ ಇದನ್ನು ನೋಡದ ಮಗು ಇರಲಿಕ್ಕಿಲ್ಲ. ಇಂಥದೇ ಬಣ್ಣದಾಟ ಶಾಲೆಯ ವೇದಿಕೆ ಹತ್ತಿದಾಗ ಅದರ ಹೆಸರು ‘ಪವಾಡ ಬಯಲು’. ಚಾಕುವಿಗೆ ಮೊದಲೇ ಏನೋ ಸವರಿಟ್ಟು ನಿಂಬೆಹಣ್ಣು ಕೊಯ್ದರೆ ‘ರಕ್ತ’ ಸುರಿಯುತ್ತದೆ. ಪೊಟ್ಯಾಸಿಯಂ ಪರ್ಮಾಂಗನೇಟ್ ಪುಡಿಯ ಮೇಲೆ ತುಪ್ಪವೆಂದು ಗ್ಲಿಸರಿನ್ ಹನಿಸಿದರೆ ಕಡ್ಡಿ ಗೀರದೆಯೇ ಹೋಮಕುಂಡ ಹೊತ್ತಿಕೊಳ್ಳುತ್ತದೆ. ಮಕ್ಕಳು ಹೋ ಎನ್ನುತ್ತಾರೆ, ಚಪ್ಪಾಳೆ ಬೀಳುತ್ತದೆ.

ಪಠ್ಯಪುಸ್ತಕದ ಹೊರಗೆ ರಸಾಯನಶಾಸ್ತ್ರ ಕನ್ನಡದ ಹಳ್ಳಿ ಶಾಲೆಯನ್ನು ಮುಟ್ಟಿರುವ ದಾರಿಗಳು ಮುಖ್ಯವಾಗಿ ಮೂರು: ಇಂಥ ಪ್ರಾತ್ಯಕ್ಷಿಕೆ, ವಿಜ್ಞಾನ ವಸ್ತುಪ್ರದರ್ಶನ ಮತ್ತು ಬಹುಮಾನ. ವಿಜ್ಞಾನ ಸಂಘಟನೆಗಳು ದಶಕಗಳಿಂದ ಈ ಕೆಲಸದಲ್ಲಿ ಬೆವರು ಸುರಿಸಿವೆ. ಆ ಬೆವರಿಗೆ ಗೌರವ ಕೊಡುತ್ತಲೇ, ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಈ ನೆಲದಲ್ಲಿ ನಿಂತು ಅದರ ಫಲವನ್ನು ತೂಗಿ ನೋಡುವ ಕಾಲ ಬಂದಿದೆ.

ಪವಾಡ ಬಯಲಿನ ಹಿಂದೆ ದೊಡ್ಡ ಪರಂಪರೆಯಿದೆ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದರು. 1980ರಲ್ಲಿ ರೂಪುಗೊಂಡ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಆ ಪ್ರಶ್ನಿಸುವ ಗುಣವನ್ನು ಜಿಲ್ಲೆ ಜಿಲ್ಲೆಗೂ ಒಯ್ದಿತು. ಬಾನಾಮತಿ ಎಂಬ ಮಾಟದ ಭಯದಲ್ಲಿ ಬಡವರು, ಒಂಟಿ ಹೆಂಗಸರು ಏಟು ತಿಂದ ಕಲ್ಯಾಣ ಕರ್ನಾಟಕದಲ್ಲಿ ಇದು ಬರೀ ಮನರಂಜನೆಯಾಗಿರಲಿಲ್ಲ. ವೇದಿಕೆಯ ಮೇಲೆ ತಾನಾಗಿ ಹೊತ್ತಿದ ಬೆಂಕಿಯನ್ನು ಒಮ್ಮೆ ಕಂಡು, ಅದರ ಗುಟ್ಟು ಕೇಳಿದ ಹುಡುಗಿ ನಾಳೆ ತನ್ನ ಓಣಿಯಲ್ಲಿ ‘ಮಾಟ ಮಾಡಿಸ್ಯಾರ’ ಎಂಬ ಮಾತು ಎದ್ದಾಗ ಸುಲಭಕ್ಕೆ ತಲೆಯಾಡಿಸುವುದಿಲ್ಲ. ಅಂಧಶ್ರದ್ಧೆಯ ವಿರುದ್ಧದ ಕೆಲಸವಾಗಿ ಪವಾಡ ಬಯಲು ಗೆದ್ದಿದೆ.

ರಸಾಯನಶಾಸ್ತ್ರದ ಪಾಠವಾಗಿ ಗೆದ್ದಿಲ್ಲ. ಗುಟ್ಟು ಬಿಚ್ಚುವಾಗ ಹೆಚ್ಚಿನ ಸಲ ಕೇಳಿಬರುವ ವಿವರಣೆ ಒಂದೇ ಸಾಲಿನದು: ‘ಇದು ದೇವರಲ್ಲ, ಕೆಮಿಕಲ್’. ಪರ್ಮಾಂಗನೇಟ್ ತನ್ನಲ್ಲಿರುವ ಆಮ್ಲಜನಕವನ್ನು ಗ್ಲಿಸರಿನ್‌ಗೆ ಧಾರೆಯೆರೆದು ಶಾಖ ಹುಟ್ಟಿಸಿತು, ಆ ಶಾಖ ಏರುತ್ತ ಹೋಗಿ ಬೆಂಕಿಯಾಯಿತು ಎಂಬ ಚೆಂದದ ಕಥೆ ಹೇಳಲು ಹೊತ್ತಿರುವುದಿಲ್ಲ. ಮುಂದಿನ ಪವಾಡ ಕಾದಿರುತ್ತದೆ. ಹೀಗಾಗಿ ಮಗುವಿನ ತಲೆಯಲ್ಲಿ ಕೆಮಿಕಲ್ ಎಂದರೆ ಮೋಸ ಮಾಡುವ ಸಾಧನ ಎಂಬ ಅರ್ಥ ಕೂತುಬಿಡುತ್ತದೆ. ಬಾಬಾನ ಕೈಯಲ್ಲಿದ್ದ ಗುಟ್ಟು ಪ್ರದರ್ಶಕನ ಕೈಗೆ ಬಂತು, ಮಗು ಮಾತ್ರ ಆಗಲೂ ಈಗಲೂ ಪ್ರೇಕ್ಷಕ. ತನ್ನ ಮನೆಯ ಉಪ್ಪು, ಸುಣ್ಣ, ಪಾಪಡಖಾರ, ಮಿರ್ಚಿ ಹಿಟ್ಟಿಗೆ ಹಾಕುವ ಸೋಡಾ ಎಲ್ಲವೂ ಅದೇ ಶಾಸ್ತ್ರದ ವಸ್ತುಗಳೆಂದು ಅದಕ್ಕೆ ಹೊಳೆಯುವುದೇ ಇಲ್ಲ.

ವಸ್ತುಪ್ರದರ್ಶನದ ಕಥೆ ಬೇಗ ಮುಗಿಯುತ್ತದೆ. ಥರ್ಮಾಕೋಲಿನ ಗುಡ್ಡ, ಅದರ ನೆತ್ತಿಯಿಂದ ಉಕ್ಕುವ ಸೋಡಾ-ವಿನೆಗರ್ ನೊರೆ, ಪಕ್ಕದಲ್ಲಿ ‘ಜ್ವಾಲಾಮುಖಿ’ ಎಂಬ ಚೀಟಿ. ಕುದಿಯುವ ಶಿಲಾರಸಕ್ಕೂ ಆ ನೊರೆಗೂ ಯಾವ ಸಂಬಂಧವೂ ಇಲ್ಲ. ಆದರೂ ಅದಕ್ಕೆ ಬಹುಮಾನ ಬರುತ್ತದೆ.

ಬಹುಮಾನಗಳ ವಿಚಾರ ಇನ್ನಷ್ಟು ಬಿಡಿಸಿ ನೋಡಬೇಕಾದ್ದು. ನಮ್ಮ ನಾಡು ರಸಾಯನಶಾಸ್ತ್ರದಲ್ಲಿ ಬಡವಲ್ಲ. ಸಿ.ಎನ್.ಆರ್. ರಾವ್ ಅವರಂಥ ಭಾರತರತ್ನ ವಿಜ್ಞಾನಿ ಇಲ್ಲಿಯವರು. ಭಾರತೀಯ ರಸಾಯನಶಾಸ್ತ್ರ ಸಂಶೋಧಕರ ಸಂಘಟನೆಯಾದ ಕೆಮಿಕಲ್ ರಿಸರ್ಚ್ ಸೊಸೈಟಿ ಆಫ್ ಇಂಡಿಯಾ 1999ರಲ್ಲಿ ಹುಟ್ಟಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೆರಳಿನಲ್ಲೇ. ಅದು ಕೊಡುವ ಚಿನ್ನ, ಬೆಳ್ಳಿ, ಕಂಚಿನ ಪದಕಗಳು ಸಂಶೋಧನೆಯ ಗುಣಕ್ಕೆ ಸಲ್ಲುವ ಗೌರವ, ಅಲ್ಲಿ ತಕರಾರಿಲ್ಲ. ರಾವ್ ಅವರು ಪತ್ನಿ ಇಂದುಮತಿ ರಾವ್ ಅವರೊಂದಿಗೆ ಶಾಲಾ ಮಕ್ಕಳಿಗಾಗಿ ಪುಸ್ತಕ ಬರೆದರು. ಅವರ ಪ್ರತಿಷ್ಠಾನ ಒಳ್ಳೆಯ ವಿಜ್ಞಾನ ಶಿಕ್ಷಕರನ್ನು ಗುರುತಿಸಿ ಪ್ರಶಸ್ತಿ ಕೊಡುತ್ತಿದೆ. ಪದಕಗಳ ಸಾಲಿನಲ್ಲಿ ಹಳ್ಳಿಗೆ ಹೆಚ್ಚು ಹತ್ತಿರವಾದದ್ದು ಈ ಶಿಕ್ಷಕರ ಪ್ರಶಸ್ತಿಯೇ. ಒಬ್ಬ ಒಳ್ಳೆಯ ರಸಾಯನಶಾಸ್ತ್ರದ ಮೇಷ್ಟ್ರು ಮೂವತ್ತು ವರ್ಷದಲ್ಲಿ ಮುಟ್ಟುವ ಮಕ್ಕಳ ಸಂಖ್ಯೆಯನ್ನು ಯಾವ ವೇದಿಕೆಯೂ ಮುಟ್ಟಲಾರದು.

ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆ ಮಗುವಿನ ಸ್ವಂತ ಕಲ್ಪನೆಗೆ 10,000 ರೂಪಾಯಿ ಕೊಡುತ್ತದೆ. ಹಣ ನೇರ ಖಾತೆಗೆ ಬರುತ್ತದೆ, ಅದು ಒಳ್ಳೆಯದು. ಆದರೆ ಯೋಜನೆಯ ಒಲವು ಯಂತ್ರ, ಉಪಕರಣಗಳ ಕಡೆಗೆ. ಬಾವಿಯ ನೀರನ್ನು ಆರು ತಿಂಗಳು ತಾಳ್ಮೆಯಿಂದ ಅಳೆದ ಮಗುವಿನ ಕೆಲಸ ಹೊಸ ಯಂತ್ರದ ಮಾದರಿಯ ಮುಂದೆ ಮಂಕಾಗಿ ಕಾಣುತ್ತದೆ. ಆ ತಾಳ್ಮೆಗೆ ಬೆಲೆ ಕೊಟ್ಟದ್ದು 1993ರಲ್ಲಿ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ. ಮಕ್ಕಳು ತಮ್ಮ ಊರಿನ ಸಮಸ್ಯೆಯನ್ನೇ ಎತ್ತಿಕೊಂಡು, ದಿನಚರಿ ಬರೆದಿಟ್ಟು, ತಮ್ಮ ಭಾಷೆಯಲ್ಲೇ ವರದಿ ಮಂಡಿಸಬಹುದು. ಕರ್ನಾಟಕದಲ್ಲಿ ಇದನ್ನು ನಡೆಸಿಕೊಂಡು ಬಂದದ್ದು ವಿಜ್ಞಾನ ಪರಿಷತ್ತು. ಮಕ್ಕಳಿಗಾಗಿ ನಡೆದ ವಿಜ್ಞಾನ ಕಾರ್ಯಕ್ರಮಗಳಲ್ಲಿ ಇಷ್ಟು ಚೆನ್ನಾಗಿ ಯೋಚಿಸಿ ಕಟ್ಟಿದ್ದು ಮತ್ತೊಂದು ಸಿಗುವುದು ಕಷ್ಟ. ಅದರ ಕೊರತೆ ಕೊನೆಯಲ್ಲಿದೆ: ವರದಿ ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ ಏರುತ್ತದೆ, ಯಾವ ಊರಿನ ನೀರು ಅಳೆದರೋ ಆ ಊರಿನ ಪಂಚಾಯ್ತಿ ಕಟ್ಟೆಗೆ ಇಳಿದು ಬರುವ ಏರ್ಪಾಡಿಲ್ಲ.

ಇದೇ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಿಕವನ್ನೂ, ಅದನ್ನು ಬೆಳೆಸಿದ ಜೆ.ಆರ್. ಲಕ್ಷ್ಮಣರಾಯರನ್ನೂ ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ರಾಯರು ವೃತ್ತಿಯಿಂದ ಮೈಸೂರಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರು. ತರಗತಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯಬಹುದು, ಬರೆದದ್ದನ್ನು ಹಳ್ಳಿಯ ಮಗು ಓದಬಹುದು ಎಂಬ ನಂಬಿಕೆಯ ಮೇಲೆ ಅವರು ಬದುಕಿಡೀ ದುಡಿದರು. ವೇದಿಕೆಯ ಹೊಗೆ ಕರಗಿದ ಮೇಲೂ ಮನೆಯಲ್ಲಿ ಉಳಿಯುವುದು ಮುದ್ರಿತ ಪುಟ. ಆ ಕೆಲಸಕ್ಕೆ ಸಿಕ್ಕ ಮನ್ನಣೆ ಸಾಲದು ಎಂದೇ ಹೇಳಬೇಕು.

ಈಗ ಲಿಂಗಸುಗೂರಿನ ನೆಲಕ್ಕೆ ಬರೋಣ. ಇಲ್ಲಿಯ ಮಗುವಿಗೆ ರಸಾಯನಶಾಸ್ತ್ರವನ್ನು ದೂರದಿಂದ ತಂದು ತೋರಿಸುವ ಅಗತ್ಯವೇ ಇಲ್ಲ. ತಾಲ್ಲೂಕಿನೊಳಗೇ ಹಟ್ಟಿ ಚಿನ್ನದ ಗಣಿ ಇದೆ. 2001ರಲ್ಲಿ ಕೋಲಾರದ ಗಣಿ ಬಾಗಿಲು ಮುಚ್ಚಿದ ಮೇಲೆ ದೇಶದ ಗಣಿ ಚಿನ್ನಕ್ಕೆ ಇದೇ ಮುಖ್ಯ ಆಸರೆ. ಒಂದು ಟನ್ ಅದಿರಿನಲ್ಲಿ ಇರುವ ಚಿನ್ನ ಕೆಲವೇ ಗ್ರಾಂ. ಬಂಡೆಯನ್ನು ಹಿಟ್ಟಾಗಿಸಿ, ತೀರಾ ತೆಳುವಾದ ಸಯನೈಡ್ ದ್ರಾವಣದಲ್ಲಿ ಕಲಸಿ, ಗಾಳಿ ಊದಿದರೆ ಯಾವ ಆಮ್ಲಕ್ಕೂ ಸುಲಭಕ್ಕೆ ಬಗ್ಗದ ಚಿನ್ನ ಮೆಲ್ಲಗೆ ಕರಗುತ್ತದೆ. ಆ ಗಾಳಿಯ ಆಮ್ಲಜನಕವಿಲ್ಲದಿದ್ದರೆ ಸಯನೈಡ್ ಒಂದರಿಂದಲೇ ಕೆಲಸ ಆಗದು. 1887ರಲ್ಲಿ ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ರೂಪಿಸಿದ ಈ ವಿಧಾನ ಜಗತ್ತಿನ ಚಿನ್ನದ ಗಣಿಗಾರಿಕೆಯನ್ನೇ ಬದಲಿಸಿತು. ಬೆಂಗಳೂರಿನ ಮಗು ಇದನ್ನು ಪುಸ್ತಕದಲ್ಲಿ ಓದಬೇಕು; ಹಟ್ಟಿಯ ಮಗುವಿನ ಅಪ್ಪನೋ ಕಾಕನೋ ಅಲ್ಲೇ ಪಾಳಿಗೆ ಹೋಗುತ್ತಿರಬಹುದು.

 

ಚಿನ್ನದ ನಂಟಿನ ಜೊತೆಗೆ ಕಷ್ಟವೂ ಬಂದಿದೆ. ಚಿನ್ನವಿರುವ ಇಂಥ ಶಿಲೆಗಳಲ್ಲಿ ಆರ್ಸೆನಿಕ್ ಖನಿಜಗಳೂ ಸೇರಿರುತ್ತವೆ. ನೆರೆಯ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ, ಹಳೆಯ ಮಂಗಳೂರು ಚಿನ್ನದ ಗಣಿಯ ಸಮೀಪ, ನೀರಿನ ಆರ್ಸೆನಿಕ್‌ನಿಂದ ಜನರ ಚರ್ಮ ಕೆಟ್ಟದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ರಾಯಚೂರು ಜಿಲ್ಲೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹಳೆಯ ಬಾಧೆ. ಕಲ್ಲಿನೊಳಗಿನ ಫ್ಲೋರೈಡ್ ಕ್ಷಾರಗುಣದ, ಕ್ಯಾಲ್ಸಿಯಂ ಕಡಿಮೆಯಿರುವ ನೀರಿನಲ್ಲಿ ಹೆಚ್ಚು ಕರಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ಚಿಕ್ಕಂದಿನಿಂದ ಕುಡಿದ ಮಗುವಿನ ಹಲ್ಲಿನ ಮೇಲೆ ಕಂದು ಕಲೆಯಾಗಿ ಅದು ನಿಲ್ಲುತ್ತದೆ.

ಈ ಫ್ಲೋರೈಡ್ ಅಳೆಯುವ ಕಿಟ್ ಕೂಡ ಬಣ್ಣದಾಟವೇ. ನೀರಿಗೆ ಜಿರ್ಕೋನಿಯಂ ಇರುವ ಬಣ್ಣದ ದ್ರಾವಣ ಹನಿಸಿದರೆ, ಫ್ಲೋರೈಡ್ ಹೆಚ್ಚಿದಂತೆ ಗುಲಾಬಿ ಹಳದಿಯ ಕಡೆಗೆ ಸರಿಯುತ್ತದೆ. ವೇದಿಕೆಯ ಮೇಲೆ ಬಣ್ಣ ಬದಲಾಗುವುದನ್ನು ನೋಡಿ ಮಕ್ಕಳು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಇಲ್ಲಿ ಬದಲಾಗುವ ಬಣ್ಣ ಅವರ ತಂಗಿಯ ಹಲ್ಲಿಗೆ, ಅಜ್ಜನ ಮೊಣಕಾಲಿಗೆ ಸಂಬಂಧಿಸಿದ್ದು. ನೀರಿನ ಪರೀಕ್ಷೆಯ ಕಿಟ್ ಈಗ ಊರಿಗೇ ಬಂದಿದೆ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ಅದನ್ನು ಬಳಸುವ ತರಬೇತಿ ಕೊಡಬೇಕೆಂದು ಹೇಳಿತು. ಆ ಐವರಲ್ಲಿ ಒಬ್ಬ ಅಕ್ಕ ಹೈಸ್ಕೂಲಿಗೆ ಬಂದು ಮಕ್ಕಳ ಕೈಯಲ್ಲೇ ಹನಿ ಹಾಕಿಸಿದರೆ ಅದಕ್ಕಿಂತ ಒಳ್ಳೆಯ ರಸಾಯನಶಾಸ್ತ್ರದ ಹಬ್ಬ ಬೇರೆ ಬೇಡ.

ಸಿಂಧನೂರಿನ ಕಡೆ ಇನ್ನೊಂದು ಪಾಠ ಕಾದಿದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದಮೇಲೆ ಎರೆಹೊಲ ಭತ್ತದ ಗದ್ದೆಯಾಯಿತು. ನೀರು ನಿಂತಲ್ಲಿ ಜೌಗು, ಜೌಗಿನ ಹಿಂದೆ ಸವಳು. ಬರೀ ಉಪ್ಪು ಮೇಲೆದ್ದ ನೆಲಕ್ಕೆ ಬಸಿಗಾಲುವೆ ತೆಗೆದು ಒಳ್ಳೆಯ ನೀರಿನಿಂದ ತೊಳೆಯುವುದು ಮದ್ದು. ಸೋಡಿಯಂ ಕಚ್ಚಿಕೊಂಡ ಕ್ಷಾರದ ನೆಲಕ್ಕೆ ಜಿಪ್ಸಂ ಹಾಕಿ, ಕ್ಯಾಲ್ಸಿಯಂನಿಂದ ಸೋಡಿಯಂ ಬಿಡಿಸಿ, ಆಮೇಲೆ ತೊಳೆಯಬೇಕು. ಎರಡನ್ನೂ ಒಂದೇ ಎಂದು ತಿಳಿದರೆ ರೈತನ ಹಣ ಮಣ್ಣುಪಾಲು. ಮಣ್ಣನ್ನು ಶುದ್ಧ ನೀರಿನಲ್ಲಿ ಕದಡಿ, ತಿಳಿಯಾದ ಮೇಲೆ ಅರಿಸಿನದ ಕಾಗದ ಅದ್ದಿದರೆ ಕ್ಷಾರ ಬಲವಾಗಿರುವಲ್ಲಿ ಕೆಂಪು ಛಾಯೆ ಕಾಣುತ್ತದೆ. ಆರತಿ ತಟ್ಟೆಯ ಕೆಂಪೇ ಇಲ್ಲಿ ಹೊಲದ ಸುದ್ದಿ ಹೇಳುತ್ತದೆ. ನಿಖರ ಅಳತೆಗೆ ಮಣ್ಣು ಪರೀಕ್ಷಾ ಕೇಂದ್ರ ಇದ್ದೇ ಇದೆ. ಪ್ರಶ್ನೆ ಹುಟ್ಟಿಸಲು ಈ ಕಾಗದ ಸಾಕು.

ಇದೆಲ್ಲ ಆಗದ ಮಾತು ಎನ್ನುವವರು ಮಧ್ಯಪ್ರದೇಶದ ಹೋಶಂಗಾಬಾದ್ ಕಡೆ ನೋಡಬೇಕು. 1972ರಿಂದ 2002ರವರೆಗೆ, ಮೂವತ್ತು ವರ್ಷ, ಅಲ್ಲಿಯ ಸರ್ಕಾರಿ ಶಾಲೆಗಳ ಮಕ್ಕಳು ಅಗ್ಗದ ಕಿಟ್ ಹಿಡಿದು, ಪ್ರಯೋಗ ಮಾಡಿ, ಉತ್ತರವನ್ನು ತಾವೇ ಕಂಡುಕೊಂಡು ವಿಜ್ಞಾನ ಕಲಿತರು. ಪರೀಕ್ಷೆಯಲ್ಲೂ ಪುಸ್ತಕ ತೆರೆದಿಡಲು ಅವಕಾಶವಿತ್ತು. 2011ರ ಅಂತರರಾಷ್ಟ್ರೀಯ ರಸಾಯನಶಾಸ್ತ್ರ ವರ್ಷದಲ್ಲಿ ನೀರನ್ನೇ ವಿಷಯವಾಗಿಟ್ಟು ಜಗತ್ತಿನ ಮಕ್ಕಳಿಗೆಲ್ಲ ಒಂದೇ ಪ್ರಯೋಗ ಕೊಟ್ಟರು: ನೀರಿನ ಪಿಎಚ್ ಅಳೆಯುವುದು, ಉಪ್ಪು ಅಳೆಯುವುದು, ಕೆಸರು ನೀರನ್ನು ತಿಳಿಗೊಳಿಸುವುದು, ಬಿಸಿಲಿನಿಂದ ಭಟ್ಟಿ ಇಳಿಸುವುದು. ಬಿಸಿಲಿಗೆ ರಾಯಚೂರು ಜಿಲ್ಲೆಯಲ್ಲಿ ಬರವಿಲ್ಲ.

ಅಮೆರಿಕನ್ ಕೆಮಿಕಲ್ ಸೊಸೈಟಿಯಿಂದಲೂ ಒಂದು ಪಾಠ ಎತ್ತಿಕೊಳ್ಳಬಹುದು. 1987ರಿಂದ ನಡೆದುಬಂದಿರುವ ಅದರ ರಸಾಯನಶಾಸ್ತ್ರ ಉತ್ಸವದ ಭಾರ ಹೊರುವವರು ಊರೂರಿನ ಸ್ಥಳೀಯ ಘಟಕಗಳ ಸ್ವಯಂಸೇವಕರು. ಚೆನ್ನಾಗಿ ಜನರನ್ನು ತಲುಪಿದ ಘಟಕಕ್ಕೇ ಅಲ್ಲಿ ಪ್ರಶಸ್ತಿ. ನಮ್ಮಲ್ಲಿ ಗೆದ್ದ ಮಗುವಿಗೆ ಶಾಲು, ಫಲಕ ಕೊಡುತ್ತೇವೆ. ಮಗುವಿನ ಬಳಿ ಹೋದವರನ್ನು ಮರೆಯುತ್ತೇವೆ. ಪಿಯು ಕಾಲೇಜಿನ ಲ್ಯಾಬ್ ತೆರೆದು ಭಾನುವಾರ ಹಳ್ಳಿ ಮಕ್ಕಳನ್ನು ಕೂಡಿಸಿದ ಉಪನ್ಯಾಸಕಿಗೆ ತಾಲ್ಲೂಕು ಮಟ್ಟದಲ್ಲಿ ಒಂದು ಗೌರವ ಇಟ್ಟರೆ ಖರ್ಚು ಹೆಚ್ಚಲ್ಲ.

ಆ ಗೌರವದ ಮಾತು ಬರುವ ಮೊದಲು ಕೆಲಸ ಶುರುವಾಗಬೇಕು, ಅದಕ್ಕೆ ಬೇಕಾದವರು ಈ ಜಿಲ್ಲೆಯಲ್ಲೇ ಇದ್ದಾರೆ. ಹಟ್ಟಿಯಲ್ಲಿ ಅದಿರಿನ ಚಿನ್ನ ಅಳೆಯುವವರು, ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲಿ ಬಾಯ್ಲರ್ ನೀರು ಪರೀಕ್ಷಿಸುವವರು, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಮಣ್ಣು ವಿಜ್ಞಾನಿಗಳು, ಹೈಸ್ಕೂಲು-ಕಾಲೇಜುಗಳ ಅಧ್ಯಾಪಕರು. ಆಗಸ್ಟ್ 2 ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಹುಟ್ಟಿದ ದಿನ. 1924ರಲ್ಲಿ ಇಂಡಿಯನ್ ಕೆಮಿಕಲ್ ಸೊಸೈಟಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದವರು ಅವರು. ಆ ದಿನ ಲಿಂಗಸುಗೂರು, ಮಸ್ಕಿ, ಸಿಂಧನೂರು ತಾಲ್ಲೂಕುಗಳ ಪ್ರತಿ ಹೈಸ್ಕೂಲಿನ ಮಗುವೂ ತನ್ನ ಓಣಿಯ ಬೋರ್‌ವೆಲ್ಲಿನ ಒಂದು ಬಾಟಲಿ ನೀರು ಹಿಡಿದು ಶಾಲೆಗೆ ಬರಲಿ. ತಾನೇ ಹನಿ ಹಾಕಿ, ಬಣ್ಣ ನೋಡಿ, ಅಂಕಿ ಬರೆಯಲಿ. ಸಂಜೆ ಆ ಅಂಕಿಗಳ ಪಟ್ಟಿ ಊರ ಹೆಸರಿನೊಂದಿಗೆ ಗ್ರಾಮ ಪಂಚಾಯ್ತಿಯ ಗೋಡೆಗೆ ಅಂಟಲಿ. ಈ ತಾಲ್ಲೂಕುಗಳ ವಿಜ್ಞಾನ ಅಧ್ಯಾಪಕರು ಇದೊಂದನ್ನು ಈ ವರ್ಷವೇ ಕೈಗೆತ್ತಿಕೊಳ್ಳಬೇಕು.