ಆರು ಮಾದರಿಗಳ ಮುಂದೆ ಜನ

ಕವಿತೆಯೊಂದು ಅಚ್ಚಾಗುವ ಮೊದಲು ಅದರ ಆರು ಕರಡುಗಳನ್ನು ಪೇಟೆಯ ನಡುವೆ ಹರಡಿ, ‘ಇವುಗಳಲ್ಲಿ ನಿಮಗೆ ಯಾವುದು ಒಪ್ಪಿಗೆ?’ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಕವಿ ಸಿಟ್ಟಾದಾನು. ಓದುಗನಿಗೂ ಅದು ವಿಚಿತ್ರವಾಗಿಯೇ ತೋರೀತು. ಕಟ್ಟಡದ ಮಾತು ಬೇರೆ. ಹಿಡಿಸದ ಪುಸ್ತಕವನ್ನು ಮುಚ್ಚಿಡಬಹುದು, ಹಿಡಿಸದ ಸಂಗೀತವಾದರೆ ಸಭೆಯಿಂದ ಎದ್ದು ಬರಬಹುದು. ಊರ ನಡುವೆ ಎದ್ದು ನಿಂತ ಕಟ್ಟಡವನ್ನು ಮಾತ್ರ ಒಪ್ಪದವನೂ ಬೆಳಗಾದರೆ ನೋಡಲೇಬೇಕು. ಅವನ ಮಕ್ಕಳೂ ನೋಡಬೇಕು. ಆದ್ದರಿಂದ ಸಾರ್ವಜನಿಕ ನೆಲದ ಮೇಲೆ ಏಳುವ ಕಟ್ಟಡದ ರೂಪವನ್ನು ಕುರಿತು ಮಾತನಾಡುವ ಹಕ್ಕು ಜನಕ್ಕೆ ಉಂಟು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ನನ್ನ ಸಂದೇಹವೆಲ್ಲ ಆ ಮಾತನ್ನು ಕೇಳುವ ರೀತಿಯನ್ನು ಕುರಿತದ್ದು.

ಇದಕ್ಕೆ ಒಳ್ಳೆಯ ನಿದರ್ಶನವೊಂದು ಅಮೆರಿಕದ ರಾಜಧಾನಿ ವಾಷಿಂಗ್‌ಟನ್ನಿನಲ್ಲಿದೆ. ಆಫ್ರಿಕನ್ ಅಮೆರಿಕನ್ ಜನರ ಇತಿಹಾಸ ಮತ್ತು ಸಂಸ್ಕೃತಿಗೆ ಮೀಸಲಾದ ರಾಷ್ಟ್ರೀಯ ವಸ್ತುಸಂಗ್ರಹಾಲಯ 2016ರ ಸೆಪ್ಟೆಂಬರ್ 24ರಂದು ಅಲ್ಲಿ ತೆರೆಯಿತು. ಅದಕ್ಕೆ ಏಳು ವರ್ಷ ಹಿಂದೆ, 2009ರ ವಸಂತದಲ್ಲಿ, ಆ ಕಟ್ಟಡಕ್ಕಾಗಿ ಸ್ಪರ್ಧಿಸಿದ ಆರು ತಂಡಗಳ ಮಾದರಿಗಳನ್ನು ಸ್ಮಿತ್‌ಸೋನಿಯನ್ ಸಂಸ್ಥೆಯವರು ಕೋಟೆಯಾಕಾರದ ತಮ್ಮ ಹಳೆಯ ಕಟ್ಟಡದಲ್ಲಿ ಸಾರ್ವಜನಿಕರ ಮುಂದೆ ಇಟ್ಟರು. ಜನ ಬಂದರು, ನೋಡಿದರು, ತಮ್ಮ ಅಭಿಪ್ರಾಯ ಬರೆದರು. ತೀರ್ಪು ಕೊಟ್ಟದ್ದು ಮಾತ್ರ ಬೇರೊಂದು ಮಂಡಲಿ. ಏಪ್ರಿಲ್ 14ರಂದು ಗೆದ್ದ ತಂಡದ ಹೆಸರು ಹೊರಬಿತ್ತು.

ಈ ಸ್ಪರ್ಧೆಯ ಬಿಸಿ ಅರ್ಥವಾಗಬೇಕಾದರೆ ಅದರ ಹಿಂದಿನ ಕಾಯುವಿಕೆಯನ್ನು ನೆನೆಯಬೇಕು. ಅಂತರ್ಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕರ ನೆನಪಿಗೆ ರಾಜಧಾನಿಯಲ್ಲೊಂದು ಸ್ಮಾರಕ ಬೇಕೆಂಬ ಮಾತು ಹುಟ್ಟಿದ್ದು 1915ರಲ್ಲಿ. 1929ರಲ್ಲಿ ಅಧ್ಯಕ್ಷ ಕೂಲಿಜ್ ಅಂಥದೊಂದು ಕಟ್ಟಡಕ್ಕೆ ಅನುಮತಿ ನೀಡುವ ಶಾಸನಕ್ಕೆ ಸಹಿ ಹಾಕಿದರು. ಹಣ ಬರಲಿಲ್ಲ, ಕಟ್ಟಡ ಏಳಲಿಲ್ಲ. ನಾಗರಿಕ ಹಕ್ಕುಗಳ ಹೋರಾಟದಿಂದ ಬಂದ ಜಾನ್ ಲೂಯಿಸ್ 1988ರಿಂದ ಕಾಂಗ್ರೆಸ್ಸಿನಲ್ಲಿ ಮಸೂದೆಯ ಮೇಲೆ ಮಸೂದೆ ತಂದರು. ಶಾಸನವಾದದ್ದು 2003ರ ಡಿಸೆಂಬರಿನಲ್ಲಿ. ವಿಪರ್ಯಾಸವೆಂದರೆ, ರಾಜಧಾನಿಯ ನಡುವಣ ‘ಮಾಲ್’ ಎಂಬ ಆ ಮಹಾಬಯಲಿನ ಕೆಲಸ ಬಹುಮಟ್ಟಿಗೆ ಮುಗಿದಂತೆಯೇ ಸರಿ ಎಂದು ಅದೇ ಕಾಂಗ್ರೆಸ್ಸು ಸಾರಿದ್ದೂ ಆ 2003ರಲ್ಲಿಯೇ. ನೂರು ವರ್ಷ ಬಾಗಿಲಲ್ಲಿ ನಿಂತವರು ಒಳಗೆ ಕಾಲಿಡುವ ಹೊತ್ತಿಗೆ, ಪಂಕ್ತಿ ಮುಗಿಯಿತು ಎಂದು ಹೇಳಿದ ಹಾಗಾಯಿತು. ಕೊನೆಗೆ 2006ರಲ್ಲಿ ದೊರೆತ ಜಾಗ 555 ಅಡಿ ಎತ್ತರದ ವಾಷಿಂಗ್‌ಟನ್ ಸ್ಮಾರಕಸ್ತಂಭದ ಮಗ್ಗುಲಿನದು. ಹೆಮ್ಮೆಯ ಜಾಗ, ಇಕ್ಕಟ್ಟಿನ ಜಾಗ.

ಇಂಥ ಜಾಗಕ್ಕೆ ಆರು ರೂಪಗಳು. ಒಬ್ಬರದು ಸುರುಳಿ ಸುತ್ತಿಕೊಂಡು ಮೇಲೇರುವಂಥದು. ಮತ್ತೊಬ್ಬರದು ಹಡಗಿನ ಒಡಲನ್ನು ನೆನಪಿಗೆ ತರುವಂಥದು. ಇನ್ನೊಬ್ಬರದು ಬಂಡೆ ಮತ್ತು ನೀರು ಸೇರಿ ನೆಲದಿಂದಲೇ ಒಡೆದು ಬಂದಂತೆ ಕಾಣುವಂಥದು. ಡೇವಿಡ್ ಅಜಾಯೆ, ಫಿಲಿಪ್ ಫ್ರೀಲನ್, ಮ್ಯಾಕ್ಸ್ ಬಾಂಡ್ ಮೊದಲಾದವರ ತಂಡದ್ದು ಕಲ್ಲಿನ ಪೀಠದ ಮೇಲೆ ಕಂಚಿನ ಬಣ್ಣದ, ಮೇಲಕ್ಕೆ ಅಗಲಿಸುತ್ತ ಹೋಗುವ ಎರಡು ಅಂತಸ್ತಿನ ಕಿರೀಟ. ಗೆದ್ದದ್ದು ಇದೇ. ಬಾಂಡ್ ಅವರು ಫಲಿತಾಂಶಕ್ಕೆ ಎರಡು ತಿಂಗಳು ಮೊದಲೇ ತೀರಿಕೊಂಡಿದ್ದರು.

ಇಂಥ ಮಾದರಿಗಳ ಮುಂದೆ ನಿಂತ ಮನುಷ್ಯ ಮೊದಲು ಮಾಡುವ ಕೆಲಸ ಎಲ್ಲ ದೇಶಗಳಲ್ಲಿಯೂ ಒಂದೇ: ‘ಇದು ಯಾವುದರ ಹಾಗಿದೆ?’ ಎಂದು ಹುಡುಕುವುದು. ಕಿರೀಟದ ಹಾಗೆ, ಬುಟ್ಟಿಯ ಮೇಲೆ ಬುಟ್ಟಿ ಇಟ್ಟ ಹಾಗೆ, ಹಡಗಿನ ಹಾಗೆ. ನಮ್ಮ ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಜನ ಕಟ್ಟಡವನ್ನು ಉಪಮೇಯವಾಗಿ ಮಾಡಿಕೊಂಡು ಉಪಮಾನಕ್ಕಾಗಿ ತಡಕಾಡುತ್ತಾರೆ. ಒಳ್ಳೆಯ ಉಪಮಾನ ಸಿಕ್ಕರೆ ಮೆಚ್ಚುತ್ತಾರೆ, ಹಾಸ್ಯಾಸ್ಪದವಾದದ್ದು ಸಿಕ್ಕರೆ ಕಟ್ಟಡದ ಕಥೆ ಮುಗಿಯಿತು. ತಜ್ಞರಿಗೆ ಇದನ್ನು ಕಂಡರೆ ತಾತ್ಸಾರ. ಈ ತಾತ್ಸಾರ ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಹೋಲಿಕೆ ಹುಡುಕುವುದು ರಸಿಕತೆಯ ಕೊನೆಯಲ್ಲದಿರಬಹುದು, ಮೊದಲಂತೂ ಹೌದು. ತರಗತಿಯಲ್ಲಿ ಪದ್ಯ ಓದಿದಾಗಲೂ ಹುಡುಗರು ಮೊದಲು ಹಿಡಿಯುವುದು ಉಪಮೆಯನ್ನೇ. ಧ್ವನಿ ಆಮೇಲೆ, ಬಂದರೆ, ಬರುತ್ತದೆ. ಉಪಮೆ ಹಿಡಿದವನನ್ನು ಗದರಿಸಿ ಕೂರಿಸಿದರೆ ಅವನು ಧ್ವನಿಯ ತನಕ ಬರುವುದೇ ಇಲ್ಲ.

ಹಾಗೆಂದು ಜನರ ಮೊದಲ ಮಾತೇ ಕೊನೆಯ ಮಾತಾಗಬೇಕೆ? ಅದೇ ಬಯಲಿನ ಇನ್ನೊಂದು ಕಥೆ ಇದಕ್ಕೆ ಉತ್ತರ ಹೇಳುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಮಡಿದವರ ಸ್ಮಾರಕಕ್ಕೆ 1981ರಲ್ಲಿ ನಡೆದ ಸ್ಪರ್ಧೆಗೆ 1,421 ವಿನ್ಯಾಸಗಳು ಬಂದವು. ಹೆಸರು ಮರೆಮಾಡಿ ಪರೀಕ್ಷಿಸಿದಾಗ ಆಯ್ಕೆಯಾದದ್ದು ಮಾಯಾ ಲಿನ್ ಎಂಬ 21 ವರ್ಷದ ವಿದ್ಯಾರ್ಥಿನಿಯದು: ನೆಲದೊಳಕ್ಕೆ ಇಳಿಯುವ ಎರಡು ಕಪ್ಪುಕಲ್ಲಿನ ಗೋಡೆಗಳು, ಅವುಗಳ ಮೇಲೆ ಹೆಸರುಗಳು, ಬೇರೇನೂ ಇಲ್ಲ. ದೊಡ್ಡ ಗದ್ದಲವೆದ್ದಿತು. ವಿಗ್ರಹವಿಲ್ಲ, ಧ್ವಜವಿಲ್ಲ, ಬಣ್ಣ ಕಪ್ಪು, ಜಾಗ ಹಳ್ಳ. ಸೈನಿಕರಿಗೆ ಇದು ಅವಮಾನ ಎಂದರು. ಸಮಾಧಾನಕ್ಕಾಗಿ ಮೂವರು ಯೋಧರ ಕಂಚಿನ ವಿಗ್ರಹವನ್ನು ಹತ್ತಿರದಲ್ಲಿ 1984ರಲ್ಲಿ ಸೇರಿಸಬೇಕಾಯಿತು. ಆದರೆ 1982ರಲ್ಲಿ ಗೋಡೆ ತೆರೆದಾಗಿನಿಂದ ಜನ ಅದರ ಮುಂದೆ ನಿಂತು 58,000ಕ್ಕೂ ಮಿಕ್ಕಿದ ಹೆಸರುಗಳಲ್ಲಿ ತಮ್ಮವರದನ್ನು ಹುಡುಕುತ್ತಾರೆ, ಬೆರಳಿನಿಂದ ಮುಟ್ಟುತ್ತಾರೆ, ಕಾಗದವಿಟ್ಟು ಅಚ್ಚು ತೆಗೆದುಕೊಳ್ಳುತ್ತಾರೆ, ಪತ್ರಗಳನ್ನು ಬಿಟ್ಟುಹೋಗುತ್ತಾರೆ. ನಕ್ಷೆ ನೋಡಿದವರಿಗೆ ಹಳ್ಳವಾಗಿ ಕಂಡದ್ದು ನಡೆದು ನೋಡಿದವರಿಗೆ ಬೇರೆಯೇ ಆಯಿತು.

ಇಲ್ಲಿಂದ ತಜ್ಞರು ತೆಗೆಯುವ ನೀತಿ, ‘ಜನರ ಮಾತಿಗೆ ಕಿವಿಗೊಡಬೇಡಿ, ಅವರು ಆಮೇಲೆ ಒಪ್ಪುತ್ತಾರೆ’ ಎಂಬುದು. ನನಗೆ ಅದು ಅಪಾಯದ ನೀತಿಯಾಗಿ ಕಾಣುತ್ತದೆ. ಜನರ ಮಾತಿನಲ್ಲಿ ಎರಡು ಪದರಗಳಿರುತ್ತವೆ. ಮೇಲಿನದು ಅಭಿರುಚಿ: ಚೆನ್ನಾಗಿದೆ, ಚೆನ್ನಾಗಿಲ್ಲ. ಕೆಳಗಿನದು ಅಂಜಿಕೆ. ವಿಯೆಟ್ನಾಂ ಗೋಡೆಯನ್ನು ಬೈದ ತಂದೆಯ ಮಾತಿನ ಕೆಳಗೆ ‘ನನ್ನ ಮಗನನ್ನು ಮರೆತುಬಿಡುತ್ತೀರಾ?’ ಎಂಬ ಪ್ರಶ್ನೆ ಇರಲು ಸಾಧ್ಯ. ಆ ಪ್ರಶ್ನೆಗೆ ಗೋಡೆ ಉತ್ತರ ಕೊಟ್ಟಿತು. ಆದ್ದರಿಂದಲೇ ಸಿಟ್ಟು ಇಳಿಯಿತು. ಉತ್ತರ ಕೊಡದ ಕಟ್ಟಡವಾಗಿದ್ದರೆ ಎಷ್ಟು ವರ್ಷ ಕಳೆದರೂ ಒಪ್ಪಿಗೆ ಬರುತ್ತಿರಲಿಲ್ಲ. ಅಭಿರುಚಿಯನ್ನು ತಿದ್ದಬಹುದು, ಅಂಜಿಕೆಗೆ ಉತ್ತರ ಕೊಡಬೇಕು.

2009ರ ಆರು ಮಾದರಿಗಳ ಸುತ್ತಲೂ ಇಂಥ ಅಂಜಿಕೆಗಳು ಸುಳಿಯುತ್ತಿದ್ದವು. ಬಯಲನ್ನು ಪ್ರೀತಿಸುವವರಿಗೆ, ಸ್ಮಾರಕಸ್ತಂಭದ ನೋಟ ಕೆಟ್ಟೀತೆಂಬ ಅಂಜಿಕೆ. ಕೆಲವರಿಗೆ, ಒಂದೊಂದು ಜನಕ್ಕೂ ಒಂದೊಂದು ಸಂಗ್ರಹಾಲಯವಾದರೆ ದೇಶದ ಕಥೆ ಹೋಳಾದೀತೆಂಬ ಅಂಜಿಕೆ. ಇನ್ನು ಯಾರ ಪೂರ್ವಿಕರ ಕಥೆಯನ್ನು ಅಲ್ಲಿ ಹೇಳಬೇಕಾಗಿತ್ತೋ ಅವರ ಅಂಜಿಕೆ ಇನ್ನೂ ಆಳದ್ದು: ಬರೀ ಸಂಕೋಲೆಯನ್ನು ತೋರಿಸಿ ನಮ್ಮನ್ನು ಕನಿಕರದ ವಸ್ತುವಾಗಿ ಮಾಡುವರೋ, ಅಥವಾ ಬರೀ ಹಾಡು ಕುಣಿತ ತೋರಿಸಿ ಸಂಕೋಲೆಯನ್ನೇ ಮರೆಸುವರೋ? ಗುಲಾಮರ ವ್ಯಾಪಾರಿಗಳು ಮನುಷ್ಯರನ್ನು ಕೂಡಿಹಾಕುತ್ತಿದ್ದ ಮನೆಗಳು ಇದೇ ಬಯಲಿನ ಸಮೀಪದಲ್ಲಿದ್ದವು. ಸ್ವತಂತ್ರನಾಗಿ ಹುಟ್ಟಿದ ಸಾಲಮನ್ ನಾರ್ತಪ್‌ನನ್ನು 1841ರಲ್ಲಿ ಅಪಹರಿಸಿ ಕೂಡಿಹಾಕಿದ್ದು ಅಂಥ ಒಂದರಲ್ಲಿ. ಆ ನೆಲದ ಮೇಲೆ ಕಟ್ಟುವಾಗ ಬಿಳಿಯ ಅಮೃತಶಿಲೆಯೊಂದನ್ನು ಇನ್ನಷ್ಟು ಸೇರಿಸಿದರೆ ಸಾಕೆ? ಅಮೆರಿಕದಲ್ಲಿ ಸದಾ ಇದ್ದೂ ಕಣ್ಣಿಗೆ ಬೀಳದೆ ಹೋದ ಕಪ್ಪು ಇರವನ್ನು ನೆನಪಿಸುವ ಕಟ್ಟಡ ತಮಗೆ ಬೇಕಾಗಿತ್ತೆಂದು ಸಂಗ್ರಹಾಲಯದ ಸ್ಥಾಪಕ ನಿರ್ದೇಶಕ ಲಾನಿ ಬಂಚ್ ಹೇಳಿದ್ದುಂಟು. ಬಣ್ಣದ ಆಯ್ಕೆಯಲ್ಲಿ ಇದಕ್ಕಿಂತ ಗಂಭೀರವಾದ ಕಾರಣ ಇರಲಾರದು.

ಗೆದ್ದ ವಿನ್ಯಾಸಕ್ಕೆ ಈ ಅಂಜಿಕೆಗಳನ್ನು ಎದುರಿಸುವ ಶಕ್ತಿ ಎಲ್ಲಿಂದ ಬಂತು? ಮೊದಲನೆಯದಾಗಿ, ಅದರ ರೂಪಕ್ಕೆ ಒಂದೇ ಮೂಲವಿಲ್ಲ. ನೈಜೀರಿಯದ ಯೊರುಬಾ ಶಿಲ್ಪಿ ಇಸೆಯ ಒಲೊವೆ ಕಡೆದ ಮರದ ಕಂಬದ ತಲೆಯ ಮೇಲಿನ ಕಿರೀಟ ಒಂದು. ಚಾರ್ಲ್‌ಸ್ಟನ್, ನ್ಯೂ ಆರ್ಲಿಯನ್ಸ್ ನಗರಗಳಲ್ಲಿ ಗುಲಾಮ ಕಮ್ಮಾರರು ಮಾಡಿದ ಕಬ್ಬಿಣದ ಜಾಲಂಧ್ರದ ಕೆಲಸ ಇನ್ನೊಂದು. ಹೊರಮೈಯ 3,600 ಎರಕದ ಫಲಕಗಳಲ್ಲಿ ಆ ಜಾಲದ ನೆನಪಿದೆ. ಹೊರಚಾಚಿದ ಅಂಚುಗಳ ಓರೆ 17 ಡಿಗ್ರಿ. ಅದು ಪಕ್ಕದ ಸ್ತಂಭದ ಶಿಖರದ ಓರೆಯೇ. ಹೀಗೆ ಆಫ್ರಿಕ, ಗುಲಾಮಗಿರಿಯ ದಕ್ಷಿಣ, ರಾಷ್ಟ್ರಪಿತನ ಸ್ತಂಭ ಮೂರೂ ಒಂದೇ ರೇಖೆಯಲ್ಲಿ ಕೂಡಿವೆ. ಒಬ್ಬರಿಗೆ ಕಿರೀಟವಾಗಿ, ಇನ್ನೊಬ್ಬರಿಗೆ ಪ್ರಾರ್ಥನೆಗೆ ಎತ್ತಿದ ಕೈಗಳಾಗಿ, ಮತ್ತೊಬ್ಬರಿಗೆ ಭಾನುವಾರ ಚರ್ಚಿಗೆ ಹೊರಟ ಹೆಂಗಸರ ಟೋಪಿಯಾಗಿ ಕಾಣುವಷ್ಟು ಅದು ಸಡಿಲವಾಗಿದೆ. ಒಂದೇ ಉಪಮಾನಕ್ಕೆ ಗಂಟುಬಿದ್ದ ಕಟ್ಟಡ ಆ ಉಪಮಾನ ಹಳತಾದೊಡನೆ ತಾನೂ ಹಳತಾಗುತ್ತದೆ. ಇದಕ್ಕೆ ಆ ಭಯ ಕಡಿಮೆ.

ಎರಡನೆಯದಾಗಿ, ವಿರೋಧದಿಂದ ಅದು ಬೆಳೆಯಿತು. ಗೆದ್ದ ಮಾದರಿ ಹಾಗೆಯೇ ಕಟ್ಟಡವಾಗಲಿಲ್ಲ. ರಾಜಧಾನಿಯ ಲಲಿತಕಲಾ ಆಯೋಗ, ಯೋಜನಾ ಆಯೋಗ ಇವುಗಳ ಮುಂದೆ ಅದು ಮತ್ತೆ ಮತ್ತೆ ನಿಲ್ಲಬೇಕಾಯಿತು. ದೊಡ್ಡ ಕಲ್ಲಿನ ಪೀಠ ಹೋಯಿತು; ಎರಡು ಅಂತಸ್ತಿನ ಕಿರೀಟ ಮೂರಾಯಿತು; ಮೈ ಕುಗ್ಗಿತು. ನಷ್ಟವೂ ಆಯಿತೆನ್ನಬೇಕು. ಕಂಚಿನ ಬದಲು ಕಂಚುಬಣ್ಣದ ಲೇಪವಿರುವ ಅಲ್ಯೂಮಿನಿಯಂ ಬಂತು. ತೂಕ, ಖರ್ಚು ಇವೇ ಕಾರಣ. ಕಂಚು ಕಾಲದೊಡನೆ ಬಣ್ಣ ತಿರುಗುತ್ತದೆ, ಮಾಗುತ್ತದೆ. ಲೇಪಕ್ಕೆ ಆ ಭಾಗ್ಯವಿಲ್ಲ. ಇತಿಹಾಸದ ಮನೆಗೆ ಮುಪ್ಪಾಗಬಲ್ಲ ಗೋಡೆಯೇ ಬೇಕಾಗಿತ್ತು ಎಂದು ನನಗೆ ಅನಿಸುತ್ತದೆ. ಅಲ್ಲದೆ ವಾಸ್ತುಶಿಲ್ಪಿಗಳು, ಅಧಿಕಾರಿಗಳು ‘ಇದು ಕಿರೀಟ, ಇದು ಎತ್ತಿದ ಕೈ’ ಎಂದು ಹೇಳಿಕೊಟ್ಟದ್ದು ಸ್ವಲ್ಪ ಹೆಚ್ಚೇ ಆಯಿತು. ಧ್ವನಿಯನ್ನು ಬಾಯಿಬಿಟ್ಟು ಹೇಳಿದರೆ ಅದು ವಾಚ್ಯವಾಗಿಬಿಡುತ್ತದೆ.

ಆದರೆ ಮುಖ್ಯವಾದ ಮಾತು ಇನ್ನೊಂದಿದೆ. ಈ ಕಟ್ಟಡದ ಶೇಕಡ 60ರಷ್ಟು ನೆಲದ ಕೆಳಗಿದೆ. ಇತಿಹಾಸದ ಅಂಗಳಗಳಿರುವುದು ಅಲ್ಲಿ. ನೋಡಲು ಬಂದವರು ಮೊದಲು ಕೆಳಗಿಳಿದು ಹದಿನೈದನೆಯ ಶತಮಾನದಿಂದ ಹೊರಟು, ಸಂಕೋಲೆಗಳನ್ನು ಕಂಡು, ಎಡಿಸ್ಟೊ ದ್ವೀಪದಿಂದ ಬಿಚ್ಚಿ ತಂದ ಗುಲಾಮರ ಮರದ ಗುಡಿಸಲನ್ನು ಹಾದು, ನಿಧಾನವಾಗಿ ಮೇಲೇರುತ್ತ ಬೆಳಕಿಗೆ ಬರುತ್ತಾರೆ. ಹಾಡು, ಚಿತ್ರ, ಆಟೋಟಗಳ ಲೋಕ ಮೇಲಿನ ಅಂತಸ್ತುಗಳಲ್ಲಿ. ಸಂಕೋಲೆಯೋ ಹಾಡೋ ಎಂಬ ಅಂಜಿಕೆಗೆ ಉತ್ತರ ಈ ದಾರಿಯಲ್ಲಿದೆ: ಎರಡೂ, ಆದರೆ ಈ ಕ್ರಮದಲ್ಲಿ. ಕಪ್ಪು ಪ್ರಯಾಣಿಕರನ್ನು ಬೇರೆ ಕೂರಿಸುತ್ತಿದ್ದ ರೈಲುಗಾಡಿಯನ್ನೂ ಅಂಗೋಲ ಎಂಬ ಸೆರೆಮನೆಯ ಕಾವಲುಗೋಪುರವನ್ನೂ 2013ರಲ್ಲಿ ಕ್ರೇನಿನಿಂದ ಹಳ್ಳಕ್ಕಿಳಿಸಿ, ಆಮೇಲೆ ಅವುಗಳ ಸುತ್ತ ಕಟ್ಟಡ ಎಬ್ಬಿಸಿದರು. ಕಟ್ಟಿದ ಮೇಲೆ ಅವುಗಳನ್ನು ಒಳಗೆ ತರಲು ಸಾಧ್ಯವಿರಲಿಲ್ಲ. ಆ ಭಾರವನ್ನು ಹೊರಗೆ ಹಾಕಬೇಕಾದರೆ ಇನ್ನು ಕಟ್ಟಡವನ್ನೇ ಒಡೆಯಬೇಕು. ಇದಕ್ಕಿಂತ ಒಳ್ಳೆಯ ವಾಸ್ತುಕಲ್ಪನೆಯನ್ನು ಯಾವ ಕಿರೀಟದಲ್ಲಿಯೂ ನಾನು ಕಾಣೆ.

ಈಗ ಆರು ಮಾದರಿಗಳ ಮುಂದೆ ನಿಂತ ಜನರ ಕಡೆಗೆ ತಿರುಗೋಣ. ಮೇಜಿನ ಮೇಲಿಟ್ಟ ಮಾದರಿಯಲ್ಲಿ ಎದ್ದು ಕಾಣುವುದು ಹೊರಮೈ, ಅದೂ ಹಕ್ಕಿಯ ಕಣ್ಣಿಗೆ ಕಾಣುವಂತೆ. ಆ ಮನೆಯೊಳಗೆ ಮುದುಕಿಯೊಬ್ಬಳು ಮೊಮ್ಮಗನ ಕೈಹಿಡಿದು ಎಲ್ಲಿಂದ ಎಲ್ಲಿಗೆ ನಡೆಯುತ್ತಾಳೆ, ಎಲ್ಲಿ ಕೂತು ಉಸಿರು ತೆಗೆದುಕೊಳ್ಳುತ್ತಾಳೆ, ಏನನ್ನು ಕಂಡ ಮೇಲೆ ಏನನ್ನು ಕಾಣುತ್ತಾಳೆ ಎಂಬುದು ಕಾಣುವುದಿಲ್ಲ. ಚಿಕ್ಕ ಭಾಗವನ್ನು ತೋರಿಸಿ ಅಭಿಪ್ರಾಯ ಕೇಳಿ, ಅಭಿಪ್ರಾಯ ಮೇಲುಮೇಲಿನದು ಎಂದು ದೂರಿದರೆ ತಪ್ಪು ಯಾರದು? ಪುಸ್ತಕದ ರಕ್ಷಾಕವಚ ತೋರಿಸಿ ವಿಮರ್ಶೆ ಬರೆಯಿಸಿದ ಹಾಗೆ ಅದು.

ಆದ್ದರಿಂದ ನನ್ನ ಸೂಚನೆ ಸರಳವಾದದ್ದು. ಸಾಂಸ್ಕೃತಿಕ ಇತಿಹಾಸದ ಮನೆಯನ್ನು ಕಟ್ಟುವವರು ಜನರ ಬಳಿಗೆ ಮಾದರಿ ಹೊತ್ತು ಬರುವ ಮೊದಲು ಬರಿಗೈಯಲ್ಲಿ ಬರಬೇಕು. ಯಾವುದನ್ನು ಮರೆಯಬಾರದು, ಯಾವುದನ್ನು ಹೀಗೆ ತೋರಿಸಿದರೆ ನಿಮಗೆ ನೋವು ಎಂದು ಕೇಳಬೇಕು. ಆಮೇಲೆ ಮಾದರಿ ತಂದಾಗ ಹೊರಮೈಯ ಜೊತೆಗೆ ಒಳಗಿನ ದಾರಿಯನ್ನೂ ತೋರಿಸಬೇಕು. ಕೈಯೆತ್ತಿಸಿ ಮತ ಎಣಿಸುವುದು ಬೇಡ. ಕಲೆ ಬಹುಮತದಿಂದ ಹುಟ್ಟಿದ್ದಿಲ್ಲ. ರೂಪದ ತೀರ್ಮಾನ ಬಲ್ಲವರದೇ ಆಗಲಿ. ಆದರೆ ಯಾವ ಪ್ರಶ್ನೆಗೆ ಆ ರೂಪ ಉತ್ತರವಾಗಬೇಕೋ ಆ ಪ್ರಶ್ನೆ ಜನರದಾಗಿರಬೇಕು.

ಈ ಕಟ್ಟಡವನ್ನು ನಾನು ಚಿತ್ರಗಳಲ್ಲಿ, ನಕ್ಷೆಗಳಲ್ಲಿ ಕಂಡವನೇ ಹೊರತು ಅದರೊಳಗೆ ನಡೆದವನಲ್ಲ; ನನ್ನ ಮೆಚ್ಚುಗೆಗೂ ಆಕ್ಷೇಪಕ್ಕೂ ಆ ಮಿತಿಯಿದೆ. ನಡೆದವರು ಕೊಟ್ಟ ತೀರ್ಪು ಬೇರೆ ಬಗೆಯದು. ಮೊದಲ ವರ್ಷದಲ್ಲಿಯೇ 20 ಲಕ್ಷಕ್ಕೂ ಹೆಚ್ಚು ಮಂದಿ ಬಂದರು. ಪ್ರವೇಶಪತ್ರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಉದ್ದವಾದ ಸರ್ಕಾರಿ ಹೆಸರನ್ನು ಬಿಟ್ಟು ಜನ ಅದನ್ನು ಸಲಿಗೆಯಿಂದ ‘ಬ್ಲ್ಯಾಕ್‌ಸೋನಿಯನ್’ ಎಂದು ಕರೆಯತೊಡಗಿದರು. ಕಟ್ಟಡಕ್ಕೆ ಜನ ಅಡ್ಡಹೆಸರಿಡುವುದು ಎರಡೇ ಸಂದರ್ಭಗಳಲ್ಲಿ: ಅದನ್ನು ಗೇಲಿಮಾಡುವಾಗ, ಇಲ್ಲವೆ ಅದು ತಮ್ಮದೆನಿಸಿದಾಗ. ಇದು ಎರಡನೆಯದು.