ಮನೆಯವರು ಕಂಡ ಕವಿ: ದೊಡ್ಡವರ ಬದುಕನ್ನು ನಾವೇಕೆ ಓದುತ್ತೇವೆ?

ಸಾಹಿತ್ಯದ ಸಂಶೋಧನೆಗೆ ಸೇರಿದವರಿಗೆ ಮೊದಲು ಸಿಗುವ ಎಚ್ಚರಿಕೆಗಳಲ್ಲಿ ಒಂದು, ಕೃತಿಯನ್ನು ಓದು, ಕೃತಿಕಾರನನ್ನಲ್ಲ ಎಂಬುದು. ರೋಲಾ ಬಾರ್ತ್ 1967ರಲ್ಲೇ ಲೇಖಕ ಸತ್ತನೆಂದು ಘೋಷಿಸಿದ್ದನ್ನು ನಾವು ಸೆಮಿನಾರುಗಳಲ್ಲಿ ಸಾಕಷ್ಟು ಸಲ ಕೇಳಿದ್ದೇವೆ. ನಾನೂ ಹೇಳಿದ್ದೇನೆ. ಆದರೆ ಹಗಲು ಲೇಖಕನ ಸಾವಿನ ಬಗ್ಗೆ ಟಿಪ್ಪಣಿ ಬರೆದು, ರಾತ್ರಿ ಹಾಸ್ಟೆಲಿನ ಮಂಚದ ಮೇಲೆ ತೇಜಸ್ವಿಯವರ ‘ಅಣ್ಣನ ನೆನಪು’ ಓದುತ್ತಾ ಒಬ್ಬನೇ ನಕ್ಕಿದ್ದೂ ಉಂಟು. ಅಧ್ಯಯನದ ಲೆಕ್ಕಕ್ಕೆ ಸೇರದ ಈ ಓದನ್ನು ಬಹಳ ದಿನ ಕದ್ದು ತಿಂದ ತಿಂಡಿಯ ಹಾಗೆ ಮುಚ್ಚಿಟ್ಟುಕೊಂಡಿದ್ದೆ. ಈಗ ಅದನ್ನು ಮುಚ್ಚಿಡುವ ಅಗತ್ಯವಿಲ್ಲ ಅನ್ನಿಸುತ್ತಿದೆ.

ದೊಡ್ಡವರ ಬದುಕನ್ನು ಏಕೆ ಓದಬೇಕು ಎಂಬ ಪ್ರಶ್ನೆಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಶಾಲೆಯ ಉತ್ತರ: ಅವರ ಆದರ್ಶವನ್ನು ಅನುಸರಿಸಲು. ಜಗಲಿಯ ಉತ್ತರ: ಪಕ್ಕದ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಇಣುಕುವ ಚಪಲಕ್ಕೆ. ಎರಡರಲ್ಲೂ ನಿಜವಿದೆ. ಆದರೆ ಆದರ್ಶಕ್ಕಾಗಿ ಓದುವುದಾದರೆ ಒಂದು ಪುಟದ ಪರಿಚಯ ಸಾಕಿತ್ತು. ಚಪಲಕ್ಕಾಗಿ ಓದುವುದಾದರೆ ಒಮ್ಮೆ ಓದಿದ ಪುಸ್ತಕವನ್ನು ಮತ್ತೆ ತೆರೆಯುತ್ತಿರಲಿಲ್ಲ. ಈ ಪುಸ್ತಕಗಳಿಗೆ ನಾವು ಮರಳಿ ಮರಳಿ ಹೋಗುತ್ತೇವೆ ಎಂಬುದೇ ಮೂರನೆಯ ಉತ್ತರವೊಂದಿದೆ ಎಂಬುದಕ್ಕೆ ಸಾಕ್ಷಿ.

ಆ ಉತ್ತರ ಹುಡುಕಲು ಕನ್ನಡದಲ್ಲಿ ಕುವೆಂಪು ಕುಟುಂಬಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಒಂದೇ ಮನೆಯಿಂದ ಕನಿಷ್ಠ ನಾಲ್ಕು ಪುಸ್ತಕಗಳು ಬಂದಿವೆ. 1980ರಲ್ಲಿ ಪ್ರಕಟವಾದ ಕುವೆಂಪು ಅವರದೇ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’, ಮಗ ಪೂರ್ಣಚಂದ್ರ ತೇಜಸ್ವಿಯವರ ‘ಅಣ್ಣನ ನೆನಪು’, ಮಗಳು ತಾರಿಣಿ ಚಿದಾನಂದ ಅವರ ‘ಮಗಳು ಕಂಡ ಕುವೆಂಪು’, ಸೊಸೆ ರಾಜೇಶ್ವರಿಯವರ ‘ನನ್ನ ತೇಜಸ್ವಿ’. ಇವನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಒಂದೇ ಮನೆಯನ್ನು ನಾಲ್ಕು ಕಿಟಕಿಗಳಿಂದ ನೋಡಿದ ಹಾಗಾಗುತ್ತದೆ.

ಕುವೆಂಪು ತಮ್ಮ ಕಥೆಯನ್ನು ತಾವೇ ಹೇಳಿಕೊಳ್ಳುವಾಗ ಅದು ಒಬ್ಬ ಕವಿಯ ಉದಯದ ಕಥೆ. ಕುಪ್ಪಳಿಯ ಬೆಟ್ಟ ಕಾಡು, ತೀರ್ಥಹಳ್ಳಿಯ ಶಾಲೆ, ಮೈಸೂರು, ಕನ್ನಡದಲ್ಲೇ ಬರೆಯಲು ಪ್ರೇರೇಪಿಸಿದ ಜೇಮ್ಸ್ ಕಸಿನ್ಸ್ ಭೇಟಿ, ರಾಮಕೃಷ್ಣಾಶ್ರಮ: ಎಲ್ಲವೂ ಒಂದು ಗುರಿಯತ್ತ ಹರಿಯುತ್ತವೆ. ಇದು ಸಹಜವೇ. ಅವರು ರಾಮಕೃಷ್ಣ ಪರಮಹಂಸರ ಮತ್ತು ವಿವೇಕಾನಂದರ ಜೀವನಚರಿತ್ರೆಗಳನ್ನು ಭಕ್ತಿಯಿಂದ ಬರೆದವರು. ಬದುಕಿಗೆ ಒಂದು ದೈವೀ ಸಂಕಲ್ಪವಿದೆ ಎಂಬ ನಂಬಿಕೆ ಆ ಬರವಣಿಗೆಯಲ್ಲಿ ಇದ್ದಂತೆ ಆತ್ಮಕಥೆಯಲ್ಲೂ ಇದೆ.

ಮಗನ ಪುಸ್ತಕಕ್ಕೆ ಬಂದರೆ ಗಾಳಿಯೇ ಬೇರೆ. ಶೀರ್ಷಿಕೆಯಲ್ಲೇ ರಾಷ್ಟ್ರಕವಿ ಇಲ್ಲ, ‘ಅಣ್ಣ’ ಇದ್ದಾರೆ. ತಂದೆಯನ್ನು ಹಾಗೆ ಕರೆಯುವ ಮನೆಗಳನ್ನು ಬಲ್ಲವರಿಗೆ ಆ ಪದದ ಸಲುಗೆ ತಕ್ಷಣ ತಿಳಿಯುತ್ತದೆ. ಒಳಗೆ ಸ್ಟುಡಿಬೇಕರ್ ಕಾರಿದೆ, ನಾಯಿಗಳಿವೆ, ಮಕ್ಕಳ ಕಿತಾಪತಿಗಳಿವೆ. ನಾಡಿಗೆ ಗುರುವಾದವರು ಮನೆಯ ಸಣ್ಣ ಸಣ್ಣ ಅವಾಂತರಗಳ ಮುಂದೆ ಎಲ್ಲರಂತೆ ಒದ್ದಾಡುತ್ತಾರೆ. ತೇಜಸ್ವಿ ತಂದೆಯನ್ನು ಕೆಳಗಿಳಿಸುತ್ತಿಲ್ಲ. ನಾವು ಏರಿಸಿ ಕೂರಿಸಿದ ಪೀಠದಿಂದ ಅವರನ್ನು ಬಿಡಿಸಿಕೊಂಡು ಬರುತ್ತಿದ್ದಾರೆ. ಲೇಖಕರನ್ನು ಬಹಳ ಬೇಗ ಪ್ರತಿಮೆ ಮಾಡುವ ನಮ್ಮಂಥ ನಾಡಿಗೆ ಇದು ದೊಡ್ಡ ಉಪಕಾರ.

ಆದರೆ ನಗುವಷ್ಟೇ ಈ ಓದಿನ ಲಾಭವಲ್ಲ. ವಿಚಾರವೊಂದು ಮನೆಯೊಳಗೆ ಬಂದಾಗ ಏನಾಗುತ್ತದೆ ಎಂಬುದನ್ನು ತೋರಿಸುವುದು ಕುಟುಂಬದ ಕಥನಕ್ಕೆ ಮಾತ್ರ ಸಾಧ್ಯ. ಪುರೋಹಿತಶಾಹಿಯಿಂದ ಬಿಡುಗಡೆ ಹೊಂದಿ ಎಂದು ವೇದಿಕೆಯಲ್ಲಿ ಹೇಳುವುದು ಒಂದು. ಮಗನ ಮದುವೆ ಬಂದಾಗ, ನೆಂಟರಿಷ್ಟರ ನಿರೀಕ್ಷೆಗಳ ನಡುವೆ, ಅದನ್ನು ನಡೆಸಿ ತೋರಿಸುವುದು ಇನ್ನೊಂದು. 1966ರಲ್ಲಿ ತೇಜಸ್ವಿ ಮತ್ತು ರಾಜೇಶ್ವರಿ ಚಿತ್ರಕೂಟದ ತೋಟದಲ್ಲಿ ಮಂತ್ರಮಾಂಗಲ್ಯದ ರೀತಿಯಲ್ಲಿ ಮದುವೆಯಾದರು. ಹಾಗೆಯೇ, ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರ ಮಗ ಎಂ.ಎ. ಮುಗಿಸಿ ಮೇಷ್ಟರಾಗದೆ ಮೂಡಿಗೆರೆಯ ಕಾಡಿಗೆ ಹೋಗಿ ಕಾಫಿ ಬೆಳೆಯುತ್ತೇನೆ ಎಂದಾಗ, ಸ್ವತಂತ್ರವಾಗಿ ಯೋಚಿಸಿ ಎಂದು ನಾಡಿಗೆ ಹೇಳಿದ ತಂದೆಗೆ ಅದು ಪರೀಕ್ಷೆಯೇ. ಭಾಷಣದಲ್ಲಿ ಓದಿದಾಗ ‘ನಿರಂಕುಶಮತಿ’ ಒಂದು ಪದ. ಈ ಮನೆಯ ಕಥೆಯಲ್ಲಿ ಅದಕ್ಕೆ ಬೆಲೆಯೂ ಇದೆ, ಅದನ್ನು ತೆತ್ತವರೂ ಇದ್ದಾರೆ. ‘ನನ್ನ ತೇಜಸ್ವಿ’ ಓದುವಾಗ, ಊರಿನಿಂದ ದೂರದ ತೋಟದಲ್ಲಿ ಸಂಸಾರ ಕಟ್ಟಿದ ಹೆಂಗಸಿನ ಪಾಲು ಇದರಲ್ಲಿ ಎಷ್ಟಿತ್ತು ಎಂಬುದು ಅರಿವಾಗುತ್ತದೆ. ತೇಜಸ್ವಿಯವರ ಪುಸ್ತಕಗಳಲ್ಲಿ ಕಾಡು ಒಂದು ಸಾಹಸ. ರಾಜೇಶ್ವರಿಯವರಲ್ಲಿ ಅದೇ ಕಾಡು ದಿನದಿನದ ಮನೆಗೆಲಸವೂ ಹೌದು.

ಇದೇ ನಾನು ಹುಡುಕುತ್ತಿದ್ದ ಮೂರನೆಯ ಉತ್ತರ. ಜೀವನಚರಿತ್ರೆಯಲ್ಲಿ ನಾವು ಓದುವುದು ವ್ಯಕ್ತಿಯ ಗುಟ್ಟನ್ನಲ್ಲ, ವಿಚಾರ ಮತ್ತು ಬದುಕಿನ ನಡುವಿನ ದೂರವನ್ನು. ಆ ದೂರ ಕೆಲವೊಮ್ಮೆ ಕಡಿಮೆಯಾಗುತ್ತದೆ, ಕೆಲವೊಮ್ಮೆ ಹಾಗೆಯೇ ಉಳಿಯುತ್ತದೆ. ನಮ್ಮ ನಮ್ಮ ಮನೆಗಳಲ್ಲೂ ಅದೇ ದೂರವನ್ನು ನಾವು ದಿನವೂ ಕಾಣುವುದರಿಂದ ಈ ಪುಸ್ತಕಗಳು ನಮ್ಮವಾಗುತ್ತವೆ.

ಇದಕ್ಕೆ ಎದುರಾಗಿ ಎರಡು ಮಾತು ಹೇಳಲೇಬೇಕು. ಒಂದು, ಪ್ರಸಂಗಗಳು ಕೃತಿಯನ್ನು ನುಂಗುವ ಅಪಾಯ. ‘ಮಲೆಗಳಲ್ಲಿ ಮದುಮಗಳು’ ತೆರೆಯದೆಯೇ ಕುವೆಂಪು ಬಗ್ಗೆ ಹತ್ತು ಸ್ವಾರಸ್ಯಕರ ಕಥೆ ಹೇಳಬಲ್ಲವರು ನಮ್ಮ ನಡುವೆ ಇದ್ದಾರೆ. ಅಲ್ಲಿಗೆ ಬಾರ್ತ್‌ನ ಎಚ್ಚರಿಕೆ ಸರಿಯೇ. ಆದರೆ ಅದಕ್ಕೆ ಮದ್ದು ಜೀವನಚರಿತ್ರೆಯನ್ನು ಮುಚ್ಚಿಡುವುದಲ್ಲ, ಪಕ್ಕದಲ್ಲಿ ಕಾದಂಬರಿಯನ್ನೂ ತೆರೆದಿಡುವುದು. ‘ಕಾನೂರು ಹೆಗ್ಗಡಿತಿ’ಯಲ್ಲಿ ಮಲೆನಾಡಿನ ದೊಡ್ಡ ಮನೆಯ ಬಿರುಕುಗಳನ್ನು ಬರೆದ ಕಾದಂಬರಿಕಾರನ ಮನೆಯನ್ನೇ ಮುಂದಿನ ತಲೆಮಾರು ಬರೆಯಿತು ಎಂಬುದು ಹಾಗೆ ಓದಿದಾಗಲೇ ಹೊಳೆಯುತ್ತದೆ.

ಎರಡನೆಯದು ಇನ್ನೂ ಗಂಭೀರ. ಯಾರ ಕುಟುಂಬಕ್ಕೆ ಜೀವನಚರಿತ್ರೆ ಇರುತ್ತದೆ? ಅದಕ್ಕೆ ಪತ್ರಗಳು ಬೇಕು, ಫೋಟೋಗಳು ಬೇಕು, ದಿನಚರಿ ಬೇಕು, ಉಳಿದುಕೊಂಡ ಮನೆ ಬೇಕು. ಕುಪ್ಪಳಿಯ ಕವಿಮನೆ ಇಂದು ನೋಡಲು ಹೋಗುವ ಜಾಗ. ಆದರೆ ‘ಅಣ್ಣನ ನೆನಪು’ ಬಂದ 1990ರ ದಶಕದಲ್ಲೇ ಕನ್ನಡಕ್ಕೆ ಸಿದ್ಧಲಿಂಗಯ್ಯನವರ ‘ಊರು ಕೇರಿ’ ಬಂತು, ಅರವಿಂದ ಮಾಲಗತ್ತಿಯವರ ‘ಗೌರ್ನಮೆಂಟ್ ಬ್ರಾಹ್ಮಣ’ ಬಂತು. ಅಲ್ಲಿ ಹಿಂದಿನವರು ಬರೆದಿಟ್ಟ ಕಾಗದಗಳ ಆಸರೆಯಿಲ್ಲ. ಇದ್ದದ್ದು ನೆನಪು ಮಾತ್ರ. ಎತ್ತಿನ ಜಾಗದಲ್ಲಿ ನೊಗ ಹೊತ್ತ ತಂದೆಯನ್ನು ಕಂಡ ಮಗನೂ ಅಪ್ಪನ ನೆನಪನ್ನೇ ಬರೆಯುತ್ತಾನೆ, ಸಿದ್ಧಲಿಂಗಯ್ಯ ನಗಿಸುತ್ತಲೇ ಬರೆಯುತ್ತಾರೆ. ಎರಡು ನಗೆಗಳ ನಡುವಿನ ವ್ಯತ್ಯಾಸವನ್ನು ಓದುಗ ಮರೆಯಬಾರದು.

ಈ ವಿಷಯದಲ್ಲಿ ನಮ್ಮ ಹಳೆಯ ಪರಂಪರೆ ನಮಗಿಂತ ಉದಾರವಾಗಿತ್ತೇನೋ. ಹರಿಹರ ಬಸವಣ್ಣನ ಬದುಕಿಗೆ ರಗಳೆ ಕಟ್ಟಿದಂತೆಯೇ ಕುಂಬಾರ ಗುಂಡಯ್ಯನಿಗೂ ಮಾದಾರ ಚೆನ್ನಯ್ಯನಿಗೂ ಕಟ್ಟಿದ. ‘ಪ್ರಸಿದ್ಧರು’ ಯಾರು ಎಂಬುದನ್ನು ಆತ ಮನೆತನ ನೋಡಿ ತೀರ್ಮಾನಿಸಲಿಲ್ಲ.

ಕುವೆಂಪು ಮನೆಗೇ ಮರಳಿ ಬಂದರೆ, ನಾನು ಹೆಸರಿಸಿದ ನಾಲ್ಕು ಪುಸ್ತಕಗಳನ್ನು ಬರೆದವರು ಕವಿ, ಮಗ, ಮಗಳು, ಸೊಸೆ. ನಾಲ್ಕರಲ್ಲಿ ಒಂದೂ ಹೇಮಾವತಿಯವರದ್ದಲ್ಲ. 1937ರಲ್ಲಿ ಮದುವೆಯಾಗಿ ಬಂದು ‘ಉದಯರವಿ’ಯ ಸಂಸಾರವನ್ನು ನಡೆಸಿದವರು ಇತರರ ನೆನಪುಗಳಲ್ಲಿ ಹಾದುಹೋಗುತ್ತಾರೆ. ಈಗ ನಾನು ಈ ಪುಸ್ತಕಗಳನ್ನು ಮತ್ತೆ ಓದುತ್ತಿರುವುದು ಅವರಿಗಾಗಿ. ಅಣ್ಣನ ಕುರಿತ ಪುಟಗಳಲ್ಲಿ ಅವರು ಯಾವಾಗ ಬರುತ್ತಾರೆ, ಏನು ಹೇಳುತ್ತಾರೆ, ಯಾವಾಗ ಸುಮ್ಮನಾಗುತ್ತಾರೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೇನೆ. ಬರೆಯದೆ ಉಳಿದ ಜೀವನಚರಿತ್ರೆಯೊಂದನ್ನು ಹೀಗೆ ಬರೆದವುಗಳ ಅಂಚಿನಲ್ಲಿ ಓದಬಹುದು. ಇದಕ್ಕೂ ಸಂಶೋಧನೆ ಎಂದೇ ಹೆಸರಿಡಬಹುದು ಎಂದು ನನಗೆ ಈಚೆಗೆ ಧೈರ್ಯ ಬಂದಿದೆ.